ಸಿ ಭಾಷೆಯ ‘ಕ್ಯಾರೆಕ್ಟರ್’ ಅನ್ನು ‘ಅಕ್ಷರ’ ಎನ್ನಬಹುದೇ?

ಮಾನ್ಯರೇ,

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ರಿಂಗ್ (ಕ್ಯಾರೆಕ್ಟರ್‌ಗಳ ಸಾಲು) ಒಂದರಲ್ಲಿ ನಾವು ಕೇಳಿದ ಕ್ಯಾರೆಕ್ಟರ್ ಮೊದಲು ಎಲ್ಲಿ ಬಂದಿದೆಯೆಂದು ಹುಡುಕಿ, ಆ ಜಾಗದ ವಿಳಾಸವನ್ನು ಪಾಯಿಂಟರ್ ರೂಪದಲ್ಲಿ ಹಿಂದಿರುಗಿಸುವ ‘ಎಸ್‌ಟಿಆರ್‌ಸಿಎಚ್‌ಆರ್’ ಫಂಕ್ಷನ್ ಕುರಿತು ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿದ್ದೇನೆ. ‘ಅಕ್ಷರಮಾಲೆಯಲ್ಲಿ ಅಕ್ಷರವನ್ನು ಹುಡುಕುತ್ತದೆ’ ಎಂದು ಮೊದಲು ಬರೆದೆ. ಆದರೆ ಅಕ್ಷರಮಾಲೆಯೆಂದರೆ ಓದುಗರಿಗೆ ಅ, ಆ, ಇ, ಈ ನೆನಪಾಗುವುದರಿಂದ ಅದನ್ನು ‘ಅಕ್ಷರಸರಣಿ’ ಎಂದು ತಿದ್ದಿದೆ. ಒಂದೇ ಬಗೆಯ ಮೌಲ್ಯಗಳನ್ನು ಸಾಲಾಗಿ ಇರಿಸುವ ಅರೇ ಎಂಬುದಕ್ಕೂ ಸರಣಿ ಎಂದೇ ಬಳಸುವುದುಂಟಾದರೂ, ಸಿ ಭಾಷೆಯ ಸ್ಟ್ರಿಂಗ್ ಕೊನೆಗೂ ಒಂದು ಅರೇಯಲ್ಲಿಯೇ ಕೂರುವುದರಿಂದ ಅದು ದೊಡ್ಡ ದೋಷವೆನಿಸಲಿಲ್ಲ.

ನಿಜವಾದ ತೊಡಕಿರುವುದು ‘ಅಕ್ಷರ’ದಲ್ಲಿ. ‘ಅಕ್ಕ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದರೆ ಎರಡು ಎನ್ನುತ್ತೇವೆ. ಪ್ರಪಂಚದ ಲಿಪಿಗಳಿಗೆ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್ ಅದನ್ನು ಅಕಾರ, ಕಕಾರ, ಒತ್ತಕ್ಷರಕ್ಕೆ ದಾರಿಮಾಡುವ ಹಲಂತಚಿಹ್ನೆ, ಮತ್ತೊಂದು ಕಕಾರ ಎಂದು 4 ಸಂಕೇತಗಳಾಗಿ ಬಿಡಿಸುತ್ತದೆ. ಈ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಅವುಗಳಲ್ಲಿ ಪ್ರತಿಯೊಂದಕ್ಕೂ 3 ಬೈಟ್ ಬೇಕಾಗುವುದರಿಂದ, ಉದ್ದವನ್ನು ಅಳೆಯುವ ‘ಎಸ್‌ಟಿಆರ್‌ಎಲ್‌ಇಎನ್’ 12 ಎಂಬ ಉತ್ತರವನ್ನು ಕೊಡುತ್ತದೆ. ನಮ್ಮ ‘ಎಸ್‌ಟಿಆರ್‌ಸಿಎಚ್‌ಆರ್’ ಫಂಕ್ಷನ್ ಒಮ್ಮೆಗೆ ಒಂದೇ ಬೈಟನ್ನು ಹೋಲಿಸಿ ನೋಡುವುದರಿಂದ, ‘ಅಕ್ಷರವನ್ನು ಹುಡುಕುತ್ತದೆ’ ಎಂಬ ನನ್ನ ವಾಕ್ಯವನ್ನು ನಂಬಿದ ವಿದ್ಯಾರ್ಥಿಗೆ ಕಣ್ಣೆದುರಿಗಿರುವ ‘ಕ’ ಕೂಡ ಸಿಗದು. ಸ್ಟ್ರಿಂಗ್‌ನೊಳಗೆ ಸ್ಟ್ರಿಂಗನ್ನೇ ಹುಡುಕುವ ‘ಎಸ್‌ಟಿಆರ್‌ಎಸ್‌ಟಿಆರ್’ ಬಳಸಿದರೆ ‘ಕ’ ಸಿಗುತ್ತದೆ, ನಿಜ. ಆದರೆ ಅದು ತೋರಿಸುವುದು ‘ಕ್ಕ’ ಎಂಬ ಸಂಯುಕ್ತಾಕ್ಷರದ ಮೊದಲ ತುಂಡನ್ನೇ ಹೊರತು ನಾವು ಅಕ್ಷರವೆಂದು ಎಣಿಸಿದ್ದನ್ನಲ್ಲ.

‘ಶೂನ್ಯ’ ಎಂಬ ಪದವೂ ಹೀಗೆಯೇ ಕಾಡಿತು. ಸ್ಟ್ರಿಂಗ್‌ನ ಕೊನೆಯನ್ನು ಸೂಚಿಸುವ ಕ್ಯಾರೆಕ್ಟರ್, ಹುಡುಕಿದ್ದು ಸಿಗದಿದ್ದಾಗ ಬರುವ ಪಾಯಿಂಟರ್ ಎರಡನ್ನೂ ಶೂನ್ಯವೆಂದರೆ, ‘ಶೂನ್ಯವನ್ನು ಹುಡುಕಿದರೆ ಶೂನ್ಯ ಬರುವುದಿಲ್ಲ’ ಎಂಬ ಒಗಟಿನಂಥ ವಾಕ್ಯವನ್ನು ಬರೆಯಬೇಕಾಗುತ್ತದೆ, ಅದು ಸತ್ಯವೂ ಹೌದು! ಹಾಗಾಗಿ ಮೊದಲನೆಯದನ್ನು ‘ಕೊನೆಗುರುತು’ ಎಂದು ಕರೆದು, ಎರಡನೆಯದನ್ನು ‘ನಲ್’ ಎಂದೇ ಉಳಿಸಿಕೊಂಡಿದ್ದೇನೆ.

ಕ್ಯಾರೆಕ್ಟರ್ ಎಂಬುದನ್ನೂ ಹಾಗೆಯೇ ಉಳಿಸಿಕೊಂಡು, ‘ಅಕ್ಷರ’ವನ್ನು ಬರವಣಿಗೆಯ ಘಟಕಕ್ಕೆ ಮಾತ್ರ ಮೀಸಲಿಡುವುದು ಸರಿಯೆಂದು ನನಗೆ ತೋರುತ್ತದೆ. ಹಾಗೆ ಮಾಡಿದರೆ ‘ಅಕ್ಷರಸರಣಿ’ಯನ್ನೂ ಕೈಬಿಡಬೇಕಾಗುತ್ತದೆ, ಅದರ ಬದಲಿಗೆ ಯಾವ ಪದ ಒಗ್ಗೀತು?