ವೇಗ ಹಿಡಿದರೆ ಎದುರಿನ ದೋಣಿ ರಾಡಾರ್‌ನಿಂದ ಮಾಯ: ಡೋಮ್ ಎಲ್ಲಿ ಕೂರಿಸಲಿ?

ಚುಕ್ಕಾಣಿ:
ನಮಸ್ಕಾರ. ನಮ್ಮದು 9 ಮೀಟರ್ ಉದ್ದದ ಮೋಟರ್ ಬೋಟ್. 18 ಇಂಚಿನ ರಾಡಾರ್ ಡೋಮ್ (ಒಳಗೆ ಆ್ಯಂಟೆನಾ ತಿರುಗುವ ದುಂಡು ಡಬ್ಬಿ) ಇದೆ. ಚಾಲಕನ ತಲೆ ಮೇಲಿನ ಫೈಬರ್ ಛಾವಣಿಯ ಹಿಂಬದಿಗೆ ನೇರವಾಗಿ ಬೋಲ್ಟ್ ಹಾಕಿ ಕೂರಿಸಿದೆ. ನೀರಿನಿಂದ ಹೆಚ್ಚುಕಮ್ಮಿ 3 ಮೀಟರ್ ಎತ್ತರ. ನಿಧಾನಕ್ಕೆ ಹೋಗುವಾಗ ಎಲ್ಲ ಚೆನ್ನಾಗಿ ಕಾಣುತ್ತದೆ. ವೇಗ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ಮುಟ್ಟಿದರೆ ಸಾಕು, ಎದುರಿನ ಸಣ್ಣ ದೋಣಿಗಳು, ಬೋಯ್‌ಗಳು (ನೀರಿನಲ್ಲಿ ತೇಲುವ ಗುರುತುಗಳು) ಒಂದೊಂದಾಗಿ ಅಳಿಸಿಹೋಗುತ್ತವೆ. ದಡ ಮತ್ತು ದೊಡ್ಡ ಹಡಗು ಮಾತ್ರ ಉಳಿಯುತ್ತವೆ. ಅದೇ ಹೊತ್ತಿಗೆ ಹಿಂದುಗಡೆ ಅಲೆಗಳ ಕಸ, ಅಂದರೆ ಅಲೆಗಳಿಂದ ಬರುವ ಬೇಡದ ಚುಕ್ಕೆಗಳು, ಜಾಸ್ತಿಯಾಗುತ್ತದೆ. ಗೇನ್ (ಎಕೋ ಹಿಗ್ಗಿಸುವ ಗುಂಡಿ) ಏರಿಸಿ ನೋಡಿದೆ, ಸೀ ಕ್ಲಟರ್ (ಆ ಕಸ ಅಳಿಸುವ ಗುಂಡಿ) ಇಳಿಸಿ ನೋಡಿದೆ, ಏನೂ ಉಪಯೋಗವಿಲ್ಲ. ಪರಿಚಯದವರೊಬ್ಬರು "ಎತ್ತರ ಸಾಲದು, ಕಂಬ ಹಾಕಿಸಿ 6 ಮೀಟರ್‌ಗೆ ಏರಿಸಿ" ಅನ್ನುತ್ತಾರೆ. ಹಾಗೇ ಮಾಡಲಾ?

ಕೂವೆಮರ:
ಕಂಬದ ಖರ್ಚಿಗೆ ಈಗಲೇ ಕೈ ಹಾಕಬೇಡಿ. ಎತ್ತರದ್ದೇ ಸಮಸ್ಯೆಯಾಗಿದ್ದರೆ ನಿಧಾನಕ್ಕೆ ಹೋಗುವಾಗಲೂ ಅವು ಕಾಣಬಾರದಿತ್ತು, ಅಲ್ವಾ?

ಎತ್ತರದ ಲೆಕ್ಕ ಸುಲಭ. ಮೀಟರ್‌ನಲ್ಲಿರುವ ಎತ್ತರದ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ರಾಡಾರ್‌ಗೆ ದಿಗಂತ ಎಷ್ಟು ನಾಟಿಕಲ್ ಮೈಲಿ ದೂರ ಅಂತ ಸಿಗುತ್ತದೆ. 3 ಮೀಟರ್‌ಗೆ 3.8 ಮೈಲಿ, 6 ಮೀಟರ್‌ಗೆ 5.4. ಎತ್ತರ ಎರಡರಷ್ಟಾದರೂ ದೂರ ಒಂದೂವರೆಯಷ್ಟೂ ಆಗುವುದಿಲ್ಲ. ಎದುರಿನ ದೋಣಿಯೂ 3 ಮೀಟರ್ ಎತ್ತರ ಇದ್ದರೆ ಅದರ 3.8 ಮೈಲಿಯೂ ಸೇರುತ್ತದೆ. ಅಂದರೆ ಈಗಿರುವ ಜಾಗದಿಂದಲೇ 7 ಮೈಲಿಗಿಂತ ಆಚೆಗೆ ದಾರಿ ತೆರೆದಿದೆ. ಸಣ್ಣ ಫೈಬರ್ ದೋಣಿಯಿಂದ ಅಷ್ಟು ದೂರಕ್ಕೆ ಗಟ್ಟಿ ಎಕೋ (ಬಡಿದು ವಾಪಸ್ ಬರುವ ಅಲೆ) ಬರುವುದೇ ಅಪರೂಪ. ಮೇಲೆ ಏರಿಸಿದರೆ ಅಲೆಗಳ ಕಸವೂ ಏರುತ್ತದೆ, ಬೋಟಿನ ಹೊರಳಾಟವೂ ಏರುತ್ತದೆ.

ನನಗೆ ಅನುಮಾನ ಬೋಟಿನ ಮೂತಿಯ ಮೇಲೆ. ಮೂತಿ ಎದ್ದರೆ ಮುಂದಿನ ಕಿರಣವೂ ಆಕಾಶದ ಕಡೆ ಏಳುತ್ತದೆ. ವೇಗ ಹಿಡಿದಾಗ ಅದು ಎಷ್ಟು ಏಳುತ್ತದೆ? ಫೋನಿನಲ್ಲಿ ಮಟ್ಟ ಅಳೆಯುವ ಆ್ಯಪ್ ಇರುತ್ತದಲ್ಲ, ಅದನ್ನು ಡೋಮ್‌ನ ಬುಡದಲ್ಲಿ ಛಾವಣಿಗೆ ಒತ್ತಿ ಹಿಡಿದು ನಿಂತಾಗಲೊಮ್ಮೆ ನೋಡಿ. 18 ನಾಟ್‌ನಲ್ಲಿ ಮೇಲೆ ಹತ್ತಬೇಡಿ, ಒಳಗಿನ ನೆಲದ ಮೇಲಿಟ್ಟು ಎಷ್ಟು ಬದಲಾಯಿತು ಅಂತ ಕೂಡಿಸಿಕೊಳ್ಳಿ. ಡೋಮ್‌ನಿಂದ ಛಾವಣಿಯ ಮುಂದಿನ ಅಂಚಿಗೆ ಎಷ್ಟು ದೂರ, ಅದನ್ನೂ ಹೇಳಿ.

ಚುಕ್ಕಾಣಿ:
ಅಳೆದೆ. ನಿಂತಾಗಲೇ ಛಾವಣಿ 3 ಡಿಗ್ರಿ ಮುಂದಕ್ಕೆ ಎದ್ದಿದೆ. ಓಡುವಾಗ ಎಲ್ಲ ಸೇರಿ 9 ಡಿಗ್ರಿ. ಮುಂದಿನ ಅಂಚು 1.6 ಮೀಟರ್ ದೂರ. ಆದರೆ ಕಿರಣ ಮೇಲೆ ಕೆಳಗೆ ಸೇರಿ 25 ಡಿಗ್ರಿ ಹರಡುತ್ತದೆ ಅಂತ ಕೈಪಿಡಿಯಲ್ಲಿದೆ. ಅಂದರೆ ಕೆಳಗೆ 12.5. 9 ಡಿಗ್ರಿ ಅದರೊಳಗೇ ಬಂತಲ್ಲ?

ಕೂವೆಮರ:
ಹೆಚ್ಚಿನವರು ಎಡವುವುದು ಇಲ್ಲೇ. ಆ 12.5 ಡಿಗ್ರಿ ಗೋಡೆಯಲ್ಲ. ಅಲ್ಲಿಗೆ ಕಿರಣದ ಬಲ ಅರ್ಧಕ್ಕೆ ಇಳಿದಿರುತ್ತದೆ. ವಾಪಸ್ ಬರುವ ಎಕೋಗೂ ಅದೇ ಕಡಿತ. ಹೋಗಿ ಬರುವಷ್ಟರಲ್ಲಿ ಕಾಲು ಭಾಗ ಉಳಿಯುತ್ತದೆ. ನಿಮ್ಮ 9 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಅರ್ಧ ಹೋಯಿತು. ಹಡಗಿಗೆ ಇದು ಲೆಕ್ಕಕ್ಕಿಲ್ಲ, ಬೋಯ್‌ಗೆ ಜೀವನ್ಮರಣದ ಪ್ರಶ್ನೆ. ಹಿಂದುಗಡೆ ಕಿರಣ ನೀರಿಗೆ ಮುಖ ಮಾಡಿರುತ್ತದೆ, ಅದಕ್ಕೇ ಅಲ್ಲಿ ಕಸ.

ಇನ್ನೊಂದು, ಡೋಮ್‌ನೊಳಗಿನ ಆ್ಯಂಟೆನಾ ಛಾವಣಿಗಿಂತ 12 ಸೆಂಟಿಮೀಟರ್ ಮೇಲಿರಬಹುದು. 1.6 ಮೀಟರ್ ಮುಂದೆ ಅಂಚಿದ್ದರೆ ಛಾವಣಿಗೆ ಹೋಲಿಸಿ ಕೆಳಕ್ಕೆ 4-5 ಡಿಗ್ರಿಯಷ್ಟೇ ಬಯಲು. ಫೈಬರ್ ಮೂಲಕ ರಾಡಾರ್ ಹೋಗುತ್ತದೆ ಅನ್ನುವುದು ನಿಜ, ಆದರೆ ಹೀಗೆ ಸವರಿಕೊಂಡು ಹೋಗುವ ಕೋನದಲ್ಲಿ ತುಂಬಾ ಭಾಗ ಸಿಡಿದು ಬೇರೆ ಕಡೆ ಹೋಗುತ್ತದೆ. ಒಳಗೆ ಅಲ್ಯುಮಿನಿಯಂ ಚೌಕಟ್ಟಿದ್ದರಂತೂ ಮುಗಿಯಿತು.

ಡೋಮ್‌ನ ಹಿಂಬದಿ ಎತ್ತುವ ಹಾಗೆ ಕೆಳಗೆ 6 ಡಿಗ್ರಿಯ ವೆಡ್ಜ್ (ಓರೆಯಾದ ಬೆಣೆ) ಕೊಡಿ. ಓಡುವಾಗ 3 ಡಿಗ್ರಿ ಮೇಲೆ, ನಿಂತಾಗ 3 ಡಿಗ್ರಿ ಕೆಳಗೆ, ಎರಡೂ ಕಡೆ ನಷ್ಟ ಅಷ್ಟಕ್ಕಷ್ಟೆ. ಪೂರ್ತಿ 9 ಕೊಟ್ಟರೆ ಮಂಜಿನಲ್ಲಿ ನಿಧಾನಕ್ಕೆ ಹೋಗುವಾಗ ತೊಂದರೆ, ರಾಡಾರ್ ಜಾಸ್ತಿ ಬೇಕಾಗುವುದೇ ಆಗ. ಆದರೆ ಇದ್ದ ಜಾಗದಲ್ಲೇ ವೆಡ್ಜ್ ಹಾಕಬೇಡಿ. ಕಿರಣ ಇನ್ನಷ್ಟು ಛಾವಣಿಗೇ ಬಡಿಯುತ್ತದೆ. ಒಂದೋ ಡೋಮ್ ಮುಂದಿನ ಅಂಚಿನ ಹತ್ತಿರ 40 ಸೆಂಟಿಮೀಟರ್‌ಗೆ ಬರಬೇಕು, ಇಲ್ಲವೇ 40 ಸೆಂಟಿಮೀಟರಿನ ಗಿಡ್ಡ ಪೀಠ ಬೇಕು.

ಹಾಯಿಗಾಳಿ:
ಮುಂದೆ ಸರಿಸುವ ಮುಂಚೆ ದಿಕ್ಸೂಚಿ ಎಲ್ಲಿದೆ ನೋಡಿ. ಚಾಲಕನ ಮುಂದೆ, ಸರಿಯಾಗಿ ಡೋಮ್‌ನ ಹೊಸ ಜಾಗದ ಕೆಳಗೇ ಇರುತ್ತದೆ. ಎಷ್ಟು ದೂರ ಬಿಡಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಜಿಪಿಎಸ್ ಆ್ಯಂಟೆನಾ ಕಿರಣದ ದಾರಿಯಲ್ಲಿ ಇರಬಾರದು. ಸರ್ಚ್‌ಲೈಟ್ ಡೋಮ್‌ನ ಮಟ್ಟದಲ್ಲೇ ಇದ್ದರೆ ಆ ಕಡೆ ಕುರುಡು. ವಿಎಚ್‌ಎಫ್ ರೇಡಿಯೋದ ಆ್ಯಂಟೆನಾ ಕಡ್ಡಿ ತೆಳ್ಳಗಿರುವುದರಿಂದ ಅಷ್ಟೊಂದು ಕಾಟವಿಲ್ಲ.

ನಮ್ಮ ಹಾಯಿದೋಣಿಗಳಲ್ಲಿ ಇದೇ ಗೋಳು ಅಡ್ಡಡ್ಡ. 20 ಡಿಗ್ರಿ ವಾಲಿದರೆ ಒಂದು ಬದಿ ಆಕಾಶ, ಇನ್ನೊಂದು ಬದಿ ನೀರು. ಮಾಸ್ಟ್ (ಹಾಯಿಕಂಬ) ಮುಂದೆ ಹಾಕಿದರೆ ಹಿಂದೆ ಕುರುಡು, ಮೇಲೆ ಹಾಯಿ ಬೇರೆ ಉಜ್ಜುತ್ತದೆ. ನಾನು ಹಿಂಬದಿ ಕಂಬದಲ್ಲಿ, ಜನರ ತಲೆಗಿಂತ ಮೇಲೆ, ತಾನೇ ಮಟ್ಟವಾಗುವ ಜೋಲುಪೀಠಕ್ಕೆ ಹಾಕಿದ್ದೇನೆ.

ಚುಕ್ಕಾಣಿ:
ಮುಂದೆ ಸರಿಸಿ 6 ಡಿಗ್ರಿ ವೆಡ್ಜ್ ಹಾಕಿದೆ. ಕೈಪಿಡಿ ಹೇಳಿದ್ದಕ್ಕಿಂತ ದಿಕ್ಸೂಚಿ ದೂರವೇ ಇದೆ. ರಾಡಾರ್ ಆನ್ ಆಫ್ ಮಾಡಿ ನೋಡಿದೆ, ಮುಳ್ಳು ಅಲುಗಲಿಲ್ಲ. 18 ನಾಟ್‌ನಲ್ಲೂ ಬೋಯ್‌ಗಳು ಉಳಿಯುತ್ತಿವೆ, ಹಿಂದಿನ ಕಸ ಇಳಿದಿದೆ. ಆದರೆ ಈಗ ನೇರ ಎದುರಿಗಿರುವ ಬೋಯ್ ಪರದೆಯಲ್ಲಿ ಸ್ವಲ್ಪ ಬಲಕ್ಕೆ ಬೀಳುತ್ತಿದೆ.

ಕೂವೆಮರ:
ಅದು ಡೋಮ್ ಕೂರಿಸುವಾಗ ಕೊಂಚ ತಿರುಗಿದ್ದು. ಬೋಲ್ಟ್ ಬಿಚ್ಚಬೇಕಿಲ್ಲ. ದೂರದ ಒಂಟಿ ಬೋಯ್‌ಗೆ ಮೂತಿಯನ್ನು ಸರಿಯಾಗಿ ಗುರಿ ಹಿಡಿದು, ಮೆನುವಿನಲ್ಲಿರುವ ಹೆಡಿಂಗ್ ಹೊಂದಾಣಿಕೆಯಲ್ಲಿ ಆ ಬೋಯ್‌ನ ಚುಕ್ಕೆಯನ್ನು ಪರದೆಯಲ್ಲಿ ನೇರ ಎದುರು ದಿಕ್ಕು ತೋರಿಸುವ ಗೆರೆಯ ಮೇಲೆ ತನ್ನಿ. ಹಾಗೇ, ಡೋಮ್ ತಳದಲ್ಲಿ ನೀರು ಬಸಿಯುವ ತೂತಿದ್ದರೆ ವೆಡ್ಜ್ ಅಥವಾ ಸೀಲೆಂಟ್ ಅದನ್ನು ಮುಚ್ಚಿದೆಯಾ ನೋಡಿಬಿಡಿ.