ಡಿಸ್ಟಾರ್ಷನ್ ಪೆಡಲ್ ಒತ್ತಿದ ಕೂಡಲೇ ಗುಂಯ್‌ಗುಡುವ ಸದ್ದು: ಎಲ್ಲಿಂದ ಹುಡುಕಲಿ?

ಬಳ್ಳಾರಿ, ಕೌಲ್ ಬಜಾರ್

ಎಲ್ಲರಿಗೂ ನಮಸ್ಕಾರ. ಕೆಳಗಿನ ಅಂತಸ್ತಿನಲ್ಲಿ ಜೀನ್ಸ್ ಹೊಲಿಯುವ ಘಟಕ, ಅದರ ಮೇಲಿನ ಕೋಣೆಯಲ್ಲಿ ನನ್ನ ಅಭ್ಯಾಸ. ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳ ಗಿಟಾರ್, 15 ವ್ಯಾಟಿನ ಆಂಪ್ಲಿಫೈಯರ್, ಹಳೆಯದಾಗಿ ಕೊಂಡ ಒಂದು ಡಿಸ್ಟಾರ್ಷನ್ ಪೆಡಲ್ (ಕಾಲಿನಿಂದ ಒತ್ತಿದರೆ ನಾದವನ್ನು ಒರಟಾಗಿಸುವ ಡಬ್ಬಿ), ನಾದವನ್ನು ಮರುದನಿಸುವ ಒಂದು ಡಿಜಿಟಲ್ ಡಿಲೇ ಪೆಡಲ್ ಇವೆ. ಎರಡೂ ಪೆಡಲ್‌ಗಳಿಗೆ ಒಂದೇ 9 ವೋಲ್ಟ್ ಅಡಾಪ್ಟರ್.

ಪೆಡಲ್ ಆಫ್ ಇದ್ದರೆ ಸಣ್ಣಗೆ ಒಂದು ಸದ್ದಿರುತ್ತದೆ, ಅದನ್ನು ಸಹಿಸಬಹುದು. ಡಿಸ್ಟಾರ್ಷನ್ ಒತ್ತಿದೆನೋ, ಜೇನುಗೂಡಿಗೆ ಕಲ್ಲು ಬಿದ್ದಂತೆ ಕೋಣೆ ತುಂಬ ಗುಂಯ್‌ಗುಡುತ್ತದೆ. ನುಡಿಸುವಾಗ ಅಡಗುತ್ತದೆ, ಕೈ ನಿಲ್ಲಿಸಿದರೆ ಮತ್ತೆ ಏಳುತ್ತದೆ. ಎರಡು ಕೇಬಲ್ ಬದಲಾಯಿಸಿದೆ, ಗುಣ ಕಾಣಲಿಲ್ಲ. ಅಂಗಡಿಯವರು ಹೊಸ ಪೆಡಲ್ ಕೊಳ್ಳಿ, ಇಲ್ಲವೇ ನಾಯ್ಸ್ ಗೇಟ್ ಹಾಕಿಸಿ ಎನ್ನುತ್ತಾರೆ. ಗಣೇಶನ ಹಬ್ಬಕ್ಕೆ ನಮ್ಮ ಓಣಿಯಲ್ಲಿ ಕಾರ್ಯಕ್ರಮವಿದೆ. ಅಷ್ಟರೊಳಗೆ ಇದನ್ನು ಸರಿಪಡಿಸಲೇಬೇಕು.

ಇನ್ನೊಂದು ಮಾತು. ಬರಿಗಾಲಲ್ಲಿ ನಿಂತು ತಂತಿ ಮುಟ್ಟಿದರೆ ಬೆರಳು ಸ್ವಲ್ಪ ಜುಮ್ಮೆನ್ನುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ತಿಳಿಯದು.

ರಾಯಚೂರು

ತಮ್ಮ, ಕೊನೆಯ ಸಾಲನ್ನು ನೀನು ಮೊದಲ ಸಾಲಾಗಿ ಬರೆಯಬೇಕಿತ್ತು. ಇವತ್ತಿಗೆ ಗಿಟಾರ್ ಕೆಳಗಿಡು. ಆಂಪ್ಲಿಫೈಯರಿನ ಪ್ಲಗ್ ಕಿತ್ತು ಆಮೇಲೆ ಓದು.

ತಂತಿಗಳು ಬ್ರಿಡ್ಜ್ (ಅವುಗಳನ್ನು ಹಿಡಿದಿರುವ ಲೋಹದ ಭಾಗ) ಮೂಲಕ, ಕೇಬಲಿನ ಹೊರಹೆಣಿಗೆಯ ಮೂಲಕ, ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆ ಚೌಕಟ್ಟು ಗೋಡೆಯ ಸಾಕೆಟ್ಟಿನ ದಪ್ಪ ಪಿನ್ನಿನ ಮೂಲಕ ನೆಲಕ್ಕೆ ಸೇರಿರಬೇಕು. ಬೆರಳು ಜುಮ್ಮೆನ್ನುತ್ತದೆ ಎಂದರೆ ಆ ದಾರಿ ಎಲ್ಲೋ ಕಡಿದಿದೆ, ಈಗ ನೆಲಕ್ಕೆ ಹೋಗುವ ದಾರಿ ನೀನೇ. ಇಂದು ಹರಿಯುತ್ತಿರುವುದು ಸಣ್ಣ ಸೋರಿಕೆ ಇರಬಹುದು. ಆದರೆ ಒಳಗೆ ಟ್ರಾನ್ಸ್‌ಫಾರ್ಮರಿನ ನಿರೋಧಕ ಹೊದಿಕೆ ಹಾಳಾದ ದಿನ ಅದೇ ತಂತಿಯಲ್ಲಿ 230 ವೋಲ್ಟ್ ಬರುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ತೀರಿಕೊಂಡದ್ದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ನಿನ್ನನ್ನು ಹೆದರಿಸಲೆಂದು ಬರೆಯುತ್ತಿಲ್ಲ. ಮೂವತ್ತು ವರ್ಷ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿದ ಕೈ ಇದು, ಈ ಒಂದು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಎರಡು ಪ್ರಶ್ನೆಗೆ ಉತ್ತರ ಕೊಡು. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ ನೇರವಾಗಿ ಗೋಡೆಗೆ ಹೋಗಿದೆಯೇ, ಇಲ್ಲ ನಡುವೆ ಎರಡು ಪಿನ್ನಿನ ಕನ್ವರ್ಟರ್ ಇದೆಯೇ? ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ನಿನಗೆ ಗೊತ್ತೇ?

ಗಂಗಾವತಿ, ಕೊಪ್ಪಳ ಜಿಲ್ಲೆ

ಅಣ್ಣ ಹೇಳಿದ್ದು ಮೊದಲು ಆಗಲಿ. ಅಷ್ಟರಲ್ಲಿ ಪೆಡಲ್ ಮೇಲಿನ ಅಪವಾದವನ್ನು ಸ್ವಲ್ಪ ಇಳಿಸುತ್ತೇನೆ. ನಾನು ವೇದಿಕೆ ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತೇನೆ, ಈ ದೂರು ನನಗೆ ಹಬ್ಬದ ಕಾಲದಲ್ಲೆಲ್ಲ ಬರುತ್ತದೆ.

ಡಿಸ್ಟಾರ್ಷನ್ ಪೆಡಲ್ ಸದ್ದನ್ನು ಹುಟ್ಟಿಸುವುದು ಅಪರೂಪ. ಬಂದದ್ದನ್ನು ಹಿಗ್ಗಿಸುವುದು ಅದರ ಕೆಲಸ. ಗೇನ್ ನಾಬನ್ನು ಪೂರ್ತಿ ತಿರುಗಿಸಿದರೆ ಅದು ಸಂಕೇತವನ್ನು ನೂರಾರು ಪಟ್ಟು, ಕೆಲವು ಪೆಡಲ್‌ಗಳಲ್ಲಿ ಸಾವಿರ ಪಟ್ಟು ದೊಡ್ಡದು ಮಾಡುತ್ತದೆ. ಅಲ್ಲಿಂದ ಮುಂದೆ ಸಿಲಿಕಾನ್ ಡಯೋಡುಗಳು 0.6 ವೋಲ್ಟಿನ ಆಸುಪಾಸಿನಲ್ಲಿ ಅಲೆಯ ತುದಿಗಳನ್ನು ಕತ್ತರಿಸಿಬಿಡುತ್ತವೆ. ಹೀಗಾಗಿ ಗಿಟಾರಿನ ನಾದ ಒಂದು ಮಟ್ಟಕ್ಕಿಂತ ಮೇಲೇಳುವುದಿಲ್ಲ, ಅದರ ಜೊತೆ ಬಂದ ಸಣ್ಣ ಗುಂಯ್ ಮಾತ್ರ ಆ ಮಟ್ಟದವರೆಗೂ ಬೆಳೆಯುತ್ತದೆ. ನುಡಿಸುವಾಗ ಅಡಗಿ, ನಿಲ್ಲಿಸಿದಾಗ ಏಳುವುದು ಇದೇ ಕಾರಣಕ್ಕೆ.

ನಾಯ್ಸ್ ಗೇಟ್ ಈಗ ಬೇಡ. ನೀವು ನುಡಿಸದಿರುವಾಗ ಅದು ಬಾಗಿಲು ಮುಚ್ಚುತ್ತದೆ, ಅಷ್ಟೇ. ನುಡಿಸುವಾಗ ಗುಂಯ್ ಒಳಗೇ ಇರುತ್ತದೆ, ಜೊತೆಗೆ ಸ್ವರದ ಬಾಲವೂ ಕತ್ತರಿಸಿಹೋಗುತ್ತದೆ.

ಬಳ್ಳಾರಿ

ಅಣ್ಣ, ಅಕ್ಕ, ಇಬ್ಬರಿಗೂ ಕೃತಜ್ಞತೆಗಳು. ಕನ್ವರ್ಟರ್ ಇಲ್ಲ, ಪ್ಲಗ್ ನೇರ ಗೋಡೆಗೇ ಹೋಗಿತ್ತು. ಗುಂಡಿ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಳಗಿನ ಘಟಕಕ್ಕೆ ಬರುವ ಎಲೆಕ್ಟ್ರೀಷಿಯನ್ನರನ್ನು ಕರೆದೆ. ಅವರು ಟೆಸ್ಟ್ ಲ್ಯಾಂಪನ್ನು ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದರು, ಉರಿಯಿತು. ಫೇಸ್ ಮತ್ತು ಅರ್ಥಿಂಗ್ ನಡುವೆ ಹಿಡಿದರು, ಉರಿಯಲೇ ಇಲ್ಲ. ಹಿಂದಿನ ಗೋಡೆಗೆ ಗಿಲಾವು ಮಾಡುವಾಗ ಯಾರೋ ಅರ್ಥಿಂಗ್ ವೈರನ್ನು ಕತ್ತರಿಸಿ, ತುದಿಯನ್ನು ಸಿಮೆಂಟಿನೊಳಗೆ ಮುಚ್ಚಿದ್ದರು. ಗುಂಡಿ ಹಿತ್ತಿಲಿನ ತೊಟ್ಟಿಯ ಪಕ್ಕದಲ್ಲೇ ಇತ್ತು. ಹೊಸ ವೈರ್ ಎಳೆದು, ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನಾಲ್ಕು ಕೊಡ ನೀರು ಹಾಕಿದರು. ಈಗ ಲ್ಯಾಂಪ್ ಪೂರ್ತಿ ಉರಿಯುತ್ತದೆ, ಬೆರಳು ಜುಮ್ಮೆನ್ನುವುದಿಲ್ಲ. ಗುಂಯ್ ಕಡಿಮೆಯಾಗಿದೆ, ಆದರೆ ಹೋಗಿಲ್ಲ.

ರಾಯಚೂರು

ಇದನ್ನು ಓದಿ ನೆಮ್ಮದಿಯಾಯಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಆ ಗುಂಡಿಗೆ ನೀರು ಹಾಕು. ನಮ್ಮ ಎರೆಮಣ್ಣು ಏಪ್ರಿಲ್ ಹೊತ್ತಿಗೆ ಬಿರುಕು ಬಿಟ್ಟು ಲೋಹದಿಂದ ದೂರ ಸರಿಯುತ್ತದೆ, ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಯಾರಾದರೂ ಗುಂಯ್ ಹೋಗಲೆಂದು ಪ್ಲಗ್ಗಿನ ದಪ್ಪ ಪಿನ್ ಮುರಿದುಹಾಕು ಎಂದರೆ ಅವರ ಮಾತು ಕೇಳಬೇಡ.

ಇನ್ನು ಕಿವಿಯ ಕೆಲಸ. ಗಿಟಾರನ್ನು ಶ್ರುತಿ ಮಾಡಿ, ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೆಲ್ಲನೆ ಮೀಟು. ಅದು 98 ಹರ್ಟ್ಸ್. ನಮ್ಮ ಕರೆಂಟ್ 50 ಹರ್ಟ್ಸ್. ಅಡಾಪ್ಟರಿನೊಳಗಿನ ನಾಲ್ಕು ಡಯೋಡುಗಳು ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ಮಡಿಸುವುದರಿಂದ, ಅಲ್ಲಿಂದ ಸೋರುವ ಸದ್ದು 100 ಹರ್ಟ್ಸ್ ಆಗುತ್ತದೆ. ಗುಂಯ್ ಆ ಸ್ವರಕ್ಕೆ ಹೊಂದಿಕೊಂಡು ಸೆಕೆಂಡಿಗೆ ಎರಡು ಬಾರಿ ತೂಗಿದಂತೆ ಕೇಳಿದರೆ ಅಡಾಪ್ಟರನ್ನು ಹಿಡಿ. ಅದಕ್ಕಿಂತ ಒಂದು ಸಪ್ತಕ ಕೆಳಗಿದ್ದರೆ ಅದು 50, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಪಿಕಪ್ ಹಿಡಿಯುತ್ತಿದೆ. ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ಕೇಳಿದವರಿಗೆ ಈ ತೂಗಾಟ ಸುಲಭವಾಗಿ ಸಿಗುತ್ತದೆ.

ಆಮೇಲೆ ಡಿಲೇ ಪೆಡಲನ್ನು ಪಕ್ಕಕ್ಕಿಡು. ಡಿಸ್ಟಾರ್ಷನ್ ಒಂದಕ್ಕೇ ಹೊಸ 9 ವೋಲ್ಟ್ ಬ್ಯಾಟರಿ ಹಾಕು, ಅಡಾಪ್ಟರಿನ ಪಿನ್ ಪೆಡಲಿನಲ್ಲಿ ಚುಚ್ಚಿರಬಾರದು. ಸದ್ದು ಎಷ್ಟು ಉಳಿಯಿತು ಎಂದು ಬರೆ.

ಬಳ್ಳಾರಿ

ಅಣ್ಣ, ಮನೆಯಲ್ಲಿ ಅಪ್ಪ ಭಜನೆಗೆ ಹಾರ್ಮೋನಿಯಂ ನುಡಿಸುತ್ತಾರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೀಟಿದ ಕೂಡಲೇ ಅವರೇ ಬೆರಳಲ್ಲಿ ಲೆಕ್ಕ ಹಾಕಿ ಎರಡು ತೂಗಾಟ ಎಂದರು. 100 ಹರ್ಟ್ಸ್!

ಬ್ಯಾಟರಿ ಹಾಕಿದೆ. ಕೋಣೆ ಒಮ್ಮೆಲೇ ತಿಳಿಯಾಯಿತು. ಅಡಾಪ್ಟರನ್ನು ಯಾವುದಕ್ಕೂ ಜೋಡಿಸದೆ ಮಲ್ಟಿಮೀಟರಿನಲ್ಲಿ ಅಳೆದರೆ 9ರ ಬದಲು 13.6 ವೋಲ್ಟ್ ತೋರಿಸುತ್ತದೆ. ಇದರ ಅರ್ಥವೇನು? ಬ್ಯಾಟರಿಯಲ್ಲೂ ಸ್ವಲ್ಪ ಸದ್ದು ಉಳಿದಿದೆ, ಅದು ಬೇರೆ ಬಗೆಯದು, ಇನ್ನೂ ತಗ್ಗಿನದು. ಆಂಪ್ಲಿಫೈಯರಿನ ಎದುರು ಕುರ್ಚಿ ತಿರುಗಿಸಿದರೆ ಏರಿಳಿಯುತ್ತದೆ. ಘಟಕದಲ್ಲಿ ಮಷಿನುಗಳು ನಡೆಯುವಾಗ ಒಂದು ಚರಚರವೂ ಸೇರಿಕೊಳ್ಳುತ್ತದೆ, ಊಟದ ಬಿಡುವಿನಲ್ಲಿ ಇರುವುದಿಲ್ಲ.

ಗಂಗಾವತಿ

13.6 ಎಂದರೆ ಅದರೊಳಗೆ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಭಾಗ) ಇಲ್ಲ. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಒಂದು ಕೆಪಾಸಿಟರ್, ಅಷ್ಟೇ ಇರುತ್ತದೆ. ಬಿಸಿಲೂರಿನಲ್ಲಿ ವರ್ಷಗಟ್ಟಲೆ ಕಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೊಳಗೇ ಒಣಗುತ್ತದೆ, ಅಲೆಯನ್ನು ಸಮ ಮಾಡುವ ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿ ನುಸುಳಿದ ಏರಿಳಿತವೇ ನಿಮಗೆ ಕೇಳಿದ ಗುಂಯ್. ಅದನ್ನು ಬಿಚ್ಚುವ ಗೋಜಿಗೆ ಹೋಗಬೇಡಿ. ರೆಗ್ಯುಲೇಟರ್ ಇರುವ, ನಡುವಿನ ಪಿನ್ ಋಣ ಇರುವ 9 ವೋಲ್ಟ್ ಅಡಾಪ್ಟರ್ ಕೊಳ್ಳಿ. ನಿಮ್ಮ ಪೆಡಲಿನ ಮೇಲಿನ ಗುರುತನ್ನು ನೋಡಿಯೇ ಕೊಳ್ಳಿ, ಧ್ರುವ ತಿರುಗಿದರೆ ಪೆಡಲ್ ಸುಡಬಹುದು.

ಡಿಲೇ ಪೆಡಲಿಗೆ ಬೇರೆ ಅಡಾಪ್ಟರ್ ಕೊಡಿ. ಡಿಜಿಟಲ್ ಪೆಡಲಿನೊಳಗಿನ ಗಡಿಯಾರದ ಸಂಕೇತ ಒಂದೇ ವಿದ್ಯುತ್ ದಾರಿಯಲ್ಲಿ ಡಿಸ್ಟಾರ್ಷನ್‌ಗೆ ನುಗ್ಗಿ ಕೀರಲು ದನಿ ತರುತ್ತದೆ. ಹಣ ಕೂಡಿಬಂದಾಗ, ಪ್ರತಿ ಹೊರದಾರಿಯೂ ಪ್ರತ್ಯೇಕವಾಗಿರುವ ಪವರ್ ಸಪ್ಲೈ ಒಂದನ್ನು ತೆಗೆದುಕೊಂಡರೆ ಈ ತಾಪತ್ರಯ ಮುಗಿಯುತ್ತದೆ.

ಬೆಸುಗೆ ಹಾಕುವ ಅಭ್ಯಾಸವಿದ್ದರೆ ಇನ್ನೊಂದು ದಾರಿ. ಡಿಸ್ಟಾರ್ಷನ್ ಪೆಡಲಿನ ಒಳಗೆ, ವಿದ್ಯುತ್ ಬರುವ ಧನ ವೈರಿನಲ್ಲಿ 100 ಓಮಿನ ರೆಸಿಸ್ಟರ್ ಸೇರಿಸಿ, ಅದರ ಆಚೆ ಬದಿಯಿಂದ ನೆಲಕ್ಕೆ 470 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಹಾಕಿ. 100 ಹರ್ಟ್ಸ್ ಏರಿಳಿತ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂಥ ಪೆಡಲ್ ಕೆಲವೇ ಮಿಲಿಆಂಪಿಯರ್ ಎಳೆಯುವುದರಿಂದ ವೋಲ್ಟೇಜ್ ನಷ್ಟ ಅರ್ಧ ವೋಲ್ಟ್ ಇರಬಹುದು. ಡಿಲೇಗೆ ಮಾತ್ರ ಇದನ್ನು ಮಾಡಬೇಡಿ. ಅದು 60 ಮಿಲಿಆಂಪಿಯರ್ ಎಳೆದರೂ 6 ವೋಲ್ಟ್ ಆ ರೆಸಿಸ್ಟರಿನಲ್ಲೇ ಕಳೆದುಹೋಗುತ್ತದೆ.

ರಾಯಚೂರು

ಉಳಿದ ತಗ್ಗು ಸದ್ದಿಗೆ ಪೆಡಲನ್ನು ಮುಟ್ಟಬೇಡ, ಅದು ನಿನ್ನ ಪಿಕಪ್ಪಿನದು. ಸಿಂಗಲ್ ಕಾಯಿಲ್ ಎಂದರೆ ಸಾವಿರಾರು ಸುತ್ತಿನ ಒಂದು ಸುರುಳಿ. ತಂತಿಯ ಅಲುಗಾಟವನ್ನು ಹಿಡಿಯುವಂತೆಯೇ ಟ್ರಾನ್ಸ್‌ಫಾರ್ಮರಿನ ಕ್ಷೇತ್ರವನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ ಹಂಬಕರ್ ಪಿಕಪ್ ಮಾಡಿದ್ದು ಇದನ್ನು ಅಳಿಸಲೆಂದೇ. ನೀನು ಗಿಟಾರ್ ಬದಲಿಸಬೇಕಿಲ್ಲ. ಆಂಪ್ಲಿಫೈಯರಿನಿಂದ ಎರಡು ಮೀಟರ್ ದೂರ ಕೂತು, ಸದ್ದು ಅತಿ ಕಡಿಮೆಯಾಗುವ ಕೋನ ಹುಡುಕಿ, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೋ. ಅಡಾಪ್ಟರುಗಳನ್ನೂ ಪೆಡಲ್‌ಗಳಿಂದ ದೂರವಿಡು.

ಚರಚರ ಬೇರೆ ರೋಗ. ಹೊಲಿಗೆ ಮಷಿನಿನ ಮೋಟಾರು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ದೀಪ ಇವೆಲ್ಲ ಕೊಡುವಂಥದ್ದು. ಮೊದಲು ನಿನ್ನ ಕೋಣೆಯ ಫ್ಯಾನನ್ನೂ ದೀಪವನ್ನೂ ಒಂದೊಂದಾಗಿ ಆರಿಸಿ ನೋಡು. ಆಮೇಲೆ ಗಿಟಾರಿನ ನಾಬುಗಳಿರುವ ಗುಳಿಯ ಒಳಮೈಗೆ ತಾಮ್ರದ ಅಂಟುಪಟ್ಟಿ ಹಚ್ಚಿ, ಪಟ್ಟಿಗಳ ಸೇರುಗಳಿಗೆ ಬೆಸುಗೆ ಹಾಕಿ, ಎಲ್ಲವನ್ನೂ ಜ್ಯಾಕಿನ ನೆಲದ ತುದಿಗೆ ಸೇರಿಸು. ಚರಚರಕ್ಕೆ ಇದು ತಡೆ. ತಗ್ಗಿನ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ತಾಮ್ರದ ಹಾಳೆ ಅಡ್ಡಿಯೇ ಅಲ್ಲ, ಆ ನಿರೀಕ್ಷೆ ಇಟ್ಟುಕೊಳ್ಳಬೇಡ. ಪೆಡಲಿನ ಜ್ಯಾಕ್ ನಟ್ಟುಗಳನ್ನೂ ಬಿಗಿ ಮಾಡು. ಹಳೆಯ ಪೆಡಲಿನಲ್ಲಿ ಅವು ಸಡಿಲವಾದರೆ ಲೋಹದ ಡಬ್ಬಿಗೂ ನೆಲಕ್ಕೂ ಸಂಪರ್ಕ ತಪ್ಪುತ್ತದೆ.

ಬಳ್ಳಾರಿ

ಹತ್ತು ದಿನದ ಬಳಿಕ ಬರೆಯುತ್ತಿದ್ದೇನೆ. ರೆಗ್ಯುಲೇಟರ್ ಇರುವ ಎರಡು ಅಡಾಪ್ಟರ್ ತಂದೆ. ನಟ್ಟುಗಳಲ್ಲಿ ಒಂದು ನಿಜಕ್ಕೂ ಸಡಿಲವಾಗಿತ್ತು. ಚರಚರದಲ್ಲಿ ಅರ್ಧ ಪಾಲು ನನ್ನದೇ ಫ್ಯಾನ್ ರೆಗ್ಯುಲೇಟರಿನದು. ಅದನ್ನು ಪೂರ್ತಿ ವೇಗಕ್ಕೆ ತಿರುಗಿಸಿದರೆ ಸದ್ದಿಲ್ಲ, ನಡುವಿನಲ್ಲಿಟ್ಟರೆ ಇದೆ. ತಾಮ್ರದ ಪಟ್ಟಿಯನ್ನು ಭಾನುವಾರ ಕೂತು ಹಚ್ಚಿದೆ. ಈಗ ಗೇನ್ ಮುಕ್ಕಾಲು ತಿರುಗಿಸಿ ಕೈ ನಿಲ್ಲಿಸಿದರೆ, ಮೊದಲು ಪೆಡಲ್ ಆರಿಸಿದಾಗ ಇದ್ದಷ್ಟೇ ಸದ್ದು.

ಒಂದೇ ಒಂದು ಉಳಿದಿದೆ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಹತ್ತಿದರೆ ಹಳೆಯದಕ್ಕಿಂತ ಒರಟಾದ ಸದ್ದು ಬರುತ್ತದೆ.

ಗಂಗಾವತಿ

ಹಳೆಯ ಇನ್ವರ್ಟರುಗಳು ದುಂಡನೆಯ ಅಲೆ ಕೊಡುವುದಿಲ್ಲ, ಚೌಕದ ಅಲೆ ಕೊಡುತ್ತವೆ. ಆ ಚೂಪು ಅಂಚುಗಳೇ ಒರಟು ಸದ್ದು. ಆಗ ಆಂಪ್ಲಿಫೈಯರ್ ಆರಿಸಿಡಿ. ಹಬ್ಬದ ವೇದಿಕೆಗೆ ಜನರೇಟರ್ ತರಿಸಿದರೆ ಅದರ ಅರ್ಥಿಂಗ್ ಸರಳನ್ನು ನೆಲಕ್ಕೆ ಹೊಡೆದಿದ್ದಾರೆಯೇ ಎಂದು ನೋಡಿಯೇ ತಂತಿ ಮುಟ್ಟಿ. ನಿಮ್ಮ ಆಂಪ್ಲಿಫೈಯರ್ ಮತ್ತು ನಮ್ಮಂಥವರ ಧ್ವನಿ ಮಿಕ್ಸರ್ ಬೇರೆ ಬೇರೆ ಸಾಕೆಟ್ಟಿನಲ್ಲಿದ್ದು, ಎರಡರ ನಡುವೆ ಕೇಬಲ್ ಎಳೆದಾಗ ಹೊಸ ಗುಂಯ್ ಎದ್ದರೆ ಎರಡನ್ನೂ ಒಂದೇ ಬೋರ್ಡಿಗೆ ತನ್ನಿ. ಅದಾಗದಿದ್ದರೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಸೇರಿಸುವ ಪೆಟ್ಟಿಗೆ) ಕೇಳಿ. ಅದು ಧ್ವನಿ ಕೇಬಲಿನ ನೆಲವನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನ ಅರ್ಥಿಂಗ್ ಹಾಗೇ ಇರುತ್ತದೆ.

ಬಳ್ಳಾರಿ

ಬರೆದಿಟ್ಟುಕೊಂಡೆ, ಅಕ್ಕ. ಗುಂಡಿಗೆ ನೀರು ಹಾಕುವ ಕೆಲಸವನ್ನು ಅಪ್ಪ ವಹಿಸಿಕೊಂಡಿದ್ದಾರೆ. ಹಬ್ಬ ಮುಗಿದ ಮೇಲೆ ವೇದಿಕೆಯಲ್ಲಿ ಹೇಗಾಯಿತು ಎಂದು ಇಲ್ಲೇ ತಿಳಿಸುತ್ತೇನೆ.