ಎಥ್ನೋಗ್ರಫಿಗೆ ‘ಕುಲಶಾಸ್ತ್ರೀಯ ಅಧ್ಯಯನ’ ಅನ್ನೋದು ಲ್ಯಾಟಿನೊ ವಿಷಯಕ್ಕೆ ಒಗ್ಗುತ್ತಾ?

ಎಲ್ರಿಗೂ ನಮಸ್ಕಾರ. ಅಮೆರಿಕದ ಲ್ಯಾಟಿನೊ ಜನರ (ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದೋರ) ಬಗ್ಗೆ ಒಂದು ಲೇಖನ ಬರೀತಿದೀನಿ. ಅವರ ಹಾಡು, ಹಬ್ಬ, ವೋಟು, ಟಿವಿ ಇವನ್ನೆಲ್ಲ ಸಂಶೋಧಕರು ಅವರ ನಡುವೇನೇ ಇದ್ದು, ಕೂತು ಎದ್ದು ಮಾತಾಡಿ ಹೇಗೆ ಸ್ಟಡಿ ಮಾಡ್ತಾರೆ ಅನ್ನೋದು ವಿಷಯ. ಎರಡು ಪದಗಳ ಹತ್ರ ಸಿಕ್ಕಾಕ್ಕೊಂಡಿದೀನಿ, ಎಥ್ನೋಗ್ರಫಿ (ಹೀಗೆ ಜನರ ನಡುವೇನೇ ಇದ್ದು ಮಾಡೋ ಸ್ಟಡಿ) ಮತ್ತೆ ರೆಪ್ರೆಸೆಂಟೇಶನ್.

ಮೊದಲನೇದಕ್ಕೆ ನಮ್ಮ ಪೇಪರ್‌ನೋರು, ಸರ್ಕಾರದೋರು ಬಳಸೋದು ‘ಕುಲಶಾಸ್ತ್ರೀಯ ಅಧ್ಯಯನ’. ಆದ್ರೆ ಅದನ್ನ ಓದಿದ ತಕ್ಷಣ ಕನ್ನಡದವ್ರಿಗೆ ನೆನಪಾಗೋದು ಎಸ್‌ಟಿ ಪಟ್ಟಿ, ಕುರುಬರ ಹೋರಾಟ, ವರದಿ ಕೇಂದ್ರಕ್ಕೆ ಹೋಯ್ತಾ ಇಲ್ವಾ ಅನ್ನೋ ಸುದ್ದಿ. ಸರಿ, ‘ಜನಾಂಗ ಅಧ್ಯಯನ’ ಅನ್ನೋಣ ಅಂದ್ರೆ ಅಮೆರಿಕದ 2020ರ ಜನಗಣತೀಲಿ ಹಿಸ್ಪ್ಯಾನಿಕ್ (ಲ್ಯಾಟಿನೊ ಜನ ಅಲ್ಲಿ ಬರೋದು ಈ ಹೆಸರಲ್ಲೇ) ಅನ್ನೋದು ಜನಾಂಗವೇ ಅಲ್ಲ, ಅದಕ್ಕೆ ಬೇರೆ ಪ್ರಶ್ನೆ, ಜನಾಂಗಕ್ಕೆ ಬೇರೆ ಪ್ರಶ್ನೆ, ಬಿಳಿಯರು ಕರಿಯರು ಯಾರು ಬೇಕಾದ್ರೂ ಹಿಸ್ಪ್ಯಾನಿಕ್ ಅಂತ ಬರೆಸ್ಬಹುದಿತ್ತು. (2024ರಲ್ಲಿ ಎರಡನ್ನೂ ಒಂದೇ ಪ್ರಶ್ನೆ ಮಾಡೋ ನಿಯಮ ತಂದ್ರು, ಆ ಜಗಳ ಇಲ್ಲಿ ಬೇಡ.) ಹಂಗೆ ಬರೆಸಿದೋರು ಸುಮಾರು 6.2 ಕೋಟಿ, ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ ಮೂಲದೋರೆಲ್ಲ ಸೇರಿ. ಇವ್ರನ್ನೆಲ್ಲ ಒಂದು ‘ಕುಲ’ ಅಂತ ಯಾವ ಬಾಯಲ್ಲಿ ಹೇಳೋದು? ನಂಗಂತೂ ಎಥ್ನೋಗ್ರಫಿ ಅಂತಲೇ ಬಿಡೋದು ವಾಸಿ ಅನ್ಸುತ್ತೆ.

ರೆಪ್ರೆಸೆಂಟೇಶನ್ ಇನ್ನೂ ತೊಡಕು. ಟೆಕ್ಸಸ್‌ನ ಗಡಿ ಊರು ಬ್ರೌನ್ಸ್‌ವಿಲ್‌ನಲ್ಲಿ ಹುಟ್ಟಿದ ಜಾನಪದ ವಿದ್ವಾಂಸ ಅಮೆರಿಕೊ ಪರೇದೆಸ್ 1970ರ ದಶಕದಲ್ಲಿ ಎತ್ತಿದ ತಕರಾರು ಏನಪ್ಪಾ ಅಂದ್ರೆ, ಹೊರಗಿಂದ ಬಂದ ಸಂಶೋಧಕರಿಗೆ ಮಾತಿನ ಒಳಮರ್ಮ ಗೊತ್ತಾಗದೆ, ಮೆಕ್ಸಿಕನ್ ಮೂಲದ ಜನ ತಮಾಷೆಗೆ ಅಂದಿದ್ದು, ಕಾಲೆಳೆಯೋಕೆ ಅಂದಿದ್ದು ಎಲ್ಲ ಇವ್ರ ನೋಟ್‌ಬುಕ್ಕಲ್ಲಿ ‘ಸಮುದಾಯದ ನಂಬಿಕೆ’ ಆಗೋಯ್ತು ಅಂತ. ಅವರು ಬಹಳ ಕೆಲಸ ಮಾಡಿದ್ದು ಟೆಕ್ಸಸ್‌ನ ಮೆಕ್ಸಿಕನ್ ಮೂಲದ ಗ್ರೆಗೊರಿಯೊ ಕೊರ್ತೆಸ್ ಅನ್ನೋನ ಮೇಲಿನ ಕೊರ್ರಿದೊ, ಅಂದ್ರೆ ಕತೆ ಹೇಳೋ ಸ್ಪ್ಯಾನಿಶ್ ಹಾಡುಗಳ ಬಗ್ಗೆ. 1901ರಲ್ಲಿ ಕುದುರೆ ಕಳ್ಳನ್ನ ಹುಡುಕ್ಕೊಂಡು ಶೆರಿಫ್ (ಅಲ್ಲಿನ ಪೊಲೀಸ್ ಅಧಿಕಾರಿ) ಬಂದ, ಜೊತೇಲಿದ್ದ ದುಭಾಷಿ ‘ಕಬಾಯೊ’ ವ್ಯಾಪಾರ ಮಾಡಿದ್ಯಾ ಅಂತ ಕೇಳ್ದ, ಅದು ಗಂಡು ಕುದುರೆ, ಕೊರ್ತೆಸ್ ವ್ಯವಹಾರ ಮಾಡಿದ್ದು ಹೆಣ್ಣು ಕುದುರೇದು, ಅದಕ್ಕೆ ಸ್ಪ್ಯಾನಿಶಲ್ಲಿ ‘ಯೇಗ್ವಾ’, ಹಾಗಾಗಿ ಇಲ್ಲ ಅಂದ. ಸುಳ್ಳು ಹೇಳ್ತಿದಾನೆ ಅಂದ್ಕೊಂಡ್ರು, ಗುಂಡು ಹಾರಿದ್ವು, ಶೆರಿಫ್ ಸತ್ತ. ಇಂಗ್ಲಿಷ್ ಪೇಪರ್‌ಗಳಿಗೆ ಕೊರ್ತೆಸ್ ಕೊಲೆಗಡುಕ, ಗಡಿ ಹಾಡುಗಾರರಿಗೆ ಕೈಯಲ್ಲಿ ಪಿಸ್ತೂಲು ಹಿಡಿದು ಹಕ್ಕು ಕಾಯ್ದ ವೀರ.

ಈಗ ಇಲ್ಲಿ ರೆಪ್ರೆಸೆಂಟೇಶನ್ ಅಂದ್ರೆ ‘ಚಿತ್ರಣ’. ಆದ್ರೆ 1975ರಲ್ಲಿ ಮತದಾನ ಹಕ್ಕು ಕಾಯ್ದೆ ವಿಸ್ತರಿಸಿ, ಸ್ಪ್ಯಾನಿಶ್ ಮಾತಾಡೋರು ಜಾಸ್ತಿ ಇರೋ ಕಡೆ ಆ ಭಾಷೇಲೂ ಬ್ಯಾಲೆಟ್ ಕೊಡ್ಬೇಕು ಅಂತ ಮಾಡಿದ್ರಲ್ಲ, ಆ ಕತೆ ಬರೆಯೋವಾಗ ಅದೇ ಪದ ‘ಪ್ರಾತಿನಿಧ್ಯ’. ಲೇಖನದಲ್ಲಿ ಎರಡೂ ಒಂದೇ ಪ್ಯಾರಾದಲ್ಲಿ ಬರುತ್ತೆ, ಯಾಕಂದ್ರೆ ಯಾರನ್ನ ಪೇಪರಲ್ಲಿ ಕಳ್ಳ ಅಂತ ಚಿತ್ರಿಸ್ತಾರೋ ಅವ್ರಿಗೆ ಚುನಾವಣೇಲಿ ಸೀಟು ಸಿಗೋದೂ ಕಷ್ಟ. ‘ಪ್ರತಿನಿಧೀಕರಣ’ ಅಂತ ವಿಮರ್ಶೆಯೋರು ಹಾಕ್ತಾರೆ, ಓದೋಕೇ ಸುಸ್ತಾಗುತ್ತೆ. ಎರಡು ಕಡೆ ಎರಡು ಪದ ಬಳಸೋದೇ ಸರೀನಾ, ಅಥವಾ ಎರಡಕ್ಕೂ ಹೊಂದೋ ಆಡುಮಾತಿನ ಪದ ಯಾರಾದ್ರೂ ಬಳಸಿದ್ದು ನೋಡಿದೀರಾ?

ಹಂಗೇ ಇನ್ನೊಂದು, ಕೊರ್ರಿದೊಗೆ ‘ಲಾವಣಿ’ ಅಂತ ಹಾಕಿದ್ರೆ ಉತ್ತರ ಕರ್ನಾಟಕದೋರು ಒಪ್ತೀರಾ? ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳಿದೋರು ಹೇಳಿ.